ಕುಕೀ ಅಳಿಸುವ ಮೊದಲು ಅದನ್ನು ಓದಿ ನೋಡುವ ಕ್ರಮ

ಒಂದು ವೆಬ್‌ಸೈಟು ನಮ್ಮ ಬ್ರೌಸರಿನಲ್ಲಿ ಏನೇನು ಬರೆದಿಡುತ್ತದೆ ಎಂದು ತಿಳಿಯಬೇಕಾದರೆ ಅದರ ಗೌಪ್ಯತಾ ನೀತಿ ಓದುತ್ತ ಕೂರುವುದಕ್ಕಿಂತ ಎಫ್12 ಕೀ ಒತ್ತಿ ಬ್ರೌಸರಿನ ಪರಿಶೀಲನಾ ಫಲಕ ತೆರೆದು ನೋಡುವುದು ವಾಸಿ. ನೀತಿಯಲ್ಲಿ ಬರೆದದ್ದು ಹಳೆಯದಾಗಿರಬಹುದು. ಬ್ರೌಸರಿನಲ್ಲಿ ಕಾಣುವುದು ಈಗ ನಡೆಯುತ್ತಿರುವುದು. ಸೈಟುಗಳ ಕುಕೀ ಪರಿಶೀಲನೆಗೆ ನಾನು ಬಳಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೋಡಿಂಗ್ ಬರಬೇಕಿಲ್ಲ. ಒಂದು ಕಂಪ್ಯೂಟರ್, ಅರ್ಧ ಗಂಟೆ ಬಿಡುವು ಸಾಕು.

ಮೊದಲು ಕುಕೀ ಎಂದರೆ ಏನೆಂಬುದು ಸ್ಪಷ್ಟವಾಗಿರಲಿ. ಪುಟಗಳನ್ನು ಕಳಿಸುವ ಸೈಟಿನ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ನೆನಪಿಲ್ಲ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿಯಾದ ಎಚ್‌ಟಿಟಿಪಿ ಪ್ರಕಾರ ಪ್ರತಿ ಕೋರಿಕೆಯೂ ಹೊಸಬರಿಂದ ಬಂದ ಹಾಗೆಯೇ. ಈ ಕೊರತೆ ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮೊಂಟುಲಿ ಕುಕೀಯನ್ನು ರೂಪಿಸಿದರು. ಸರ್ವರ್ ತನ್ನ ಉತ್ತರದ ಜೊತೆ ಸೆಟ್-ಕುಕೀ ಎಂಬ ಹೆಡರ್‌ನಲ್ಲಿ ಒಂದು ಹೆಸರು, ಒಂದು ಮೌಲ್ಯ ಕಳಿಸುತ್ತದೆ. ಬ್ರೌಸರ್ ಅದನ್ನು ಇಟ್ಟುಕೊಂಡು ಅದೇ ಡೊಮೇನಿಗೆ (ಸೈಟಿನ ಹೆಸರಿಗೆ) ಹೋಗುವ ಪ್ರತಿ ಕೋರಿಕೆಯ ಜೊತೆಗೂ ತಿರುಗಿ ಕಳಿಸುತ್ತದೆ. ಒಂದು ಕುಕೀ ಹೆಚ್ಚೆಂದರೆ ಸುಮಾರು 4096 ಬೈಟ್. ಅದು ಪ್ರೋಗ್ರಾಂ ಅಲ್ಲ, ವೈರಸ್ ಅಲ್ಲ, ನಮ್ಮ ಫೈಲುಗಳನ್ನು ಓದಲಾರದು. ಅಪಾಯ ಇರುವುದು ಆ ಚಿಕ್ಕ ಪಠ್ಯದಲ್ಲಲ್ಲ, ಅದು ಯಾರಿಗೆ, ಎಷ್ಟು ಕಾಲ, ಎಲ್ಲೆಲ್ಲಿಂದ ಹೋಗುತ್ತದೆ ಎಂಬುದರಲ್ಲಿ.

ಪರೀಕ್ಷೆಗೆ ದಿನಬಳಕೆಯ ಬ್ರೌಸರ್ ಪ್ರೊಫೈಲ್ ಬೇಡ. ಹಳೆಯ ಕುಕೀಗಳು, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳು ಫಲಿತಾಂಶವನ್ನು ಕೆಡಿಸುತ್ತವೆ. ಕ್ರೋಮ್‌ನಲ್ಲಿ ಪ್ರೊಫೈಲ್ ಚಿತ್ರ ಒತ್ತಿ ಹೊಸ ಪ್ರೊಫೈಲ್ ಮಾಡಿ, ಯಾವ ಖಾತೆಗೂ ಸೈನ್ ಇನ್ ಆಗಬೇಡಿ. ಇನ್‌ಕಾಗ್ನಿಟೊ ವಿಂಡೋ ತೆರೆದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಕ್ರೋಮ್‌ನ ಇನ್‌ಕಾಗ್ನಿಟೊ ಥರ್ಡ್-ಪಾರ್ಟಿ ಕುಕೀಗಳನ್ನು, ಅಂದರೆ ನಾವು ತೆರೆದ ಸೈಟಿನದಲ್ಲದ ಬೇರೆ ಡೊಮೇನಿನ ಕುಕೀಗಳನ್ನು, ತಾನಾಗಿಯೇ ತಡೆಯುತ್ತದೆ, ಹಾಗಾಗಿ ಸಾಮಾನ್ಯ ವಿಂಡೋದಲ್ಲಿ ಏನಾಗುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ಸೈಟು ನಿಜಕ್ಕಿಂತ ಸಭ್ಯವಾಗಿ ಕಾಣುತ್ತದೆ.

ಹೊಸ ಪ್ರೊಫೈಲ್‌ನಲ್ಲಿ ಖಾಲಿ ಟ್ಯಾಬ್ ತೆರೆದು ಎಫ್12 ಒತ್ತಿ. ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ 'ಪ್ರಿಸರ್ವ್ ಲಾಗ್' ಎಂಬ ಚೌಕಕ್ಕೆ ಟಿಕ್ ಹಾಕಿ. ಇದನ್ನು ಬಿಟ್ಟರೆ ಪುಟ ಬದಲಾದೊಡನೆ ಹಿಂದಿನ ಕೋರಿಕೆಗಳೆಲ್ಲ ಅಳಿಸಿಹೋಗಿ, ನಡುವೆ ಮಿಂಚಿ ಮರೆಯಾದ ರೀಡೈರೆಕ್ಟ್‌ಗಳು (ಬ್ರೌಸರನ್ನು ಬೇರೆ ವಿಳಾಸಕ್ಕೆ ಕಳಿಸುವ ಉತ್ತರಗಳು) ಸಿಗುವುದಿಲ್ಲ. ಆಮೇಲೆ ಸೈಟಿನ ವಿಳಾಸ ಹಾಕಿ. ಪುಟ ಬಂದ ಮೇಲೆ, ಕುಕೀಗೆ ಅನುಮತಿ ಕೇಳಿ ಪರದೆಯ ಮೇಲೆ ಬರುವ ಒಪ್ಪಿಗೆಯ ಪಟ್ಟಿಯನ್ನು ಮುಟ್ಟಬೇಡಿ. ಅರ್ಧ ನಿಮಿಷ ಕಾಯಿರಿ, ಸಾಧ್ಯವಿದ್ದರೆ ಪುಟವನ್ನು ಕೆಳಗಿನವರೆಗೂ ಸರಿಸಿ. ಕೆಲವು ಸ್ಕ್ರಿಪ್ಟ್‌ಗಳು (ಪುಟದೊಳಗೆ ಓಡುವ ಚಿಕ್ಕ ಪ್ರೋಗ್ರಾಂಗಳು) ನಾವು ಕೆಳಗಿಳಿದಾಗಲೇ ಎಚ್ಚರಗೊಳ್ಳುತ್ತವೆ. ಈಗ ಅಪ್ಲಿಕೇಷನ್ ಟ್ಯಾಬ್, ಅದರೊಳಗೆ ಕುಕೀಸ್. ಫೈರ್‌ಫಾಕ್ಸ್ ಬಳಸುವವರಿಗೆ ಇದೇ ಪಟ್ಟಿ ಸ್ಟೋರೇಜ್ ಟ್ಯಾಬ್‌ನಲ್ಲಿದೆ. ಒಪ್ಪಿಗೆಗೆ ಮುಂಚಿನ ಈ ಪಟ್ಟಿಯನ್ನು ಚಿತ್ರ ತೆಗೆದಿಟ್ಟುಕೊಳ್ಳಿ, ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಮುಖ್ಯವಾದ ಸಾಕ್ಷಿ ಇಲ್ಲ. ನಂತರ 'ತಿರಸ್ಕರಿಸಿ' ಒತ್ತಿ, ಪುಟ ರೀಲೋಡ್ ಮಾಡಿ, ಇನ್ನೊಂದು ಚಿತ್ರ. 'ಕ್ಲಿಯರ್ ಸೈಟ್ ಡೇಟಾ' ಗುಂಡಿಯ ಪಕ್ಕದ, ಥರ್ಡ್-ಪಾರ್ಟಿ ಕುಕೀಗಳನ್ನೂ ಸೇರಿಸುವ ಚೌಕಕ್ಕೆ ಮೊದಲು ಟಿಕ್ ಹಾಕಿ, ಗುಂಡಿ ಒತ್ತಿ ಎಲ್ಲ ಅಳಿಸಿ. ಆಮೇಲೆ ಮೊದಲಿನಿಂದ ಬಂದು ಈ ಬಾರಿ 'ಒಪ್ಪಿಗೆ' ಒತ್ತಿ ಮೂರನೆಯ ಚಿತ್ರ. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸೈಟಿನ ನಡತೆ ಗೊತ್ತಾಗುತ್ತದೆ. ಮೊದಲ ಎರಡು ಚಿತ್ರಗಳಲ್ಲೇ ಜಾಹೀರಾತು ಕುಕೀಗಳಿದ್ದರೆ ಆ ಒಪ್ಪಿಗೆಯ ಪಟ್ಟಿ ಬರೀ ತೋರಿಕೆಯದು.

ಕಾಲಂಗಳನ್ನು ಓದುವಾಗ ನಾನು ಮೊದಲು ನೋಡುವುದು ಡೊಮೇನ್. ಬ್ರೌಸರಿನ ಮೇಲ್ಭಾಗದ ವಿಳಾಸಪಟ್ಟಿಯಲ್ಲಿರುವ ಹೆಸರೇ ಅಲ್ಲಿದ್ದರೆ ಅದು ಫಸ್ಟ್-ಪಾರ್ಟಿ. ಬೇರೆ ಹೆಸರಿದ್ದರೆ ಥರ್ಡ್-ಪಾರ್ಟಿ. ಆಮೇಲೆ ಎಕ್ಸ್‌ಪೈರ್ಸ್ ಕಾಲಂ. 'ಸೆಷನ್' ಎಂದಿದ್ದರೆ ಬ್ರೌಸರ್ ಮುಚ್ಚಿದಾಗ ಹೋಗಬೇಕು. ಆದರೆ ಹಿಂದೆ ತೆರೆದಿದ್ದ ಟ್ಯಾಬ್‌ಗಳನ್ನು ಮತ್ತೆ ತೆರೆಯುವ ಸೆಟ್ಟಿಂಗ್ ಹಾಕಿಕೊಂಡವರ ಬ್ರೌಸರಿನಲ್ಲಿ ಸೆಷನ್ ಕುಕೀಗಳೂ ಉಳಿದುಕೊಳ್ಳುತ್ತವೆ. 'ಬ್ರೌಸರ್ ಮುಚ್ಚಿದರೂ ಲಾಗಿನ್ ಹೋಗಲಿಲ್ಲ' ಎಂಬ ದೂರಿಗೆ ಇದು ಸಾಮಾನ್ಯ ಕಾರಣ. ದಿನಾಂಕ ಇದ್ದರೆ ಎಷ್ಟು ದೂರದ್ದು ನೋಡಿ. 2022ರಿಂದ ಕ್ರೋಮ್ ಯಾವ ಕುಕೀಗೂ 400 ದಿನಕ್ಕಿಂತ ಹೆಚ್ಚು ಆಯಸ್ಸು ಕೊಡುವುದಿಲ್ಲ, ಸೈಟು ಎರಡು ವರ್ಷ ಕೇಳಿದರೂ ಅಷ್ಟಕ್ಕೇ ಕತ್ತರಿಸುತ್ತದೆ. ಆದರೆ ನೀವು ಮತ್ತೆ ಭೇಟಿ ಕೊಟ್ಟಾಗ ಸೈಟು ಆ ದಿನಾಂಕವನ್ನು ಮುಂದಕ್ಕೆ ದೂಡಬಹುದು. ವಾರಕ್ಕೊಮ್ಮೆ ಹೋಗುವ ಸೈಟಿನ ಕುಕೀ ಹೀಗೆ ಎಂದೂ ಮುಗಿಯದೆ ಉಳಿಯುತ್ತದೆ.

ಇನ್ನು ಮೌಲ್ಯದ ಕಾಲಂ. ಒಂದನ್ನು ಹತ್ತಿರದಿಂದ ನೋಡೋಣ. ಅಂಡರ್‌ಸ್ಕೋರ್‌ನಿಂದ ಶುರುವಾಗುವ 'ಜಿಎ' (_ga) ಎಂಬ ಕುಕೀ, ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನದು. ಅದರ ಮೌಲ್ಯ ಹೀಗಿರುತ್ತದೆ: ಜಿಎ1.1.482915037.1700000000. ಮೂರನೆಯ ಭಾಗ ಯಾದೃಚ್ಛಿಕ ಸಂಖ್ಯೆ. ಕೊನೆಯದು ಯುನಿಕ್ಸ್ ಸಮಯ, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. 1700000000 ಎಂದರೆ 2023ರ ನವೆಂಬರ್ 14, ಯುಟಿಸಿ ರಾತ್ರಿ 10 ಗಂಟೆ 13 ನಿಮಿಷ. ಆ ಬ್ರೌಸರಿನಿಂದ ಸೈಟಿಗೆ ಮೊದಲು ಬಂದ ಗಳಿಗೆ ಅದು. ನಿಮ್ಮ ಹೆಸರಿಲ್ಲ, ವಿಳಾಸವಿಲ್ಲ. ಆದರೂ ಮರಳಿ ಬಂದವರು ನೀವೇ ಎಂದು ಗುರುತಿಸಲು ಆ ಎರಡು ಸಂಖ್ಯೆಗಳು ಧಾರಾಳ ಸಾಕು. ಮುಂದೆ ಎಂದಾದರೂ ಅದೇ ಸೈಟಿನಲ್ಲಿ ಲಾಗಿನ್ ಆದರೆ ಹಿಂದಿನ ಅನಾಮಿಕ ಭೇಟಿಗಳನ್ನೆಲ್ಲ ಆ ಖಾತೆಗೆ ಜೋಡಿಸಲು ತಾಂತ್ರಿಕವಾಗಿ ಏನೂ ಅಡ್ಡಿಯಿಲ್ಲ.

ಈ ಕುಕೀಯ ಡೊಮೇನ್ ಕಾಲಂ ನೋಡಿ: ಗೂಗಲ್ ಹೆಸರಿಲ್ಲ, ನೀವು ತೆರೆದ ಸೈಟಿನ ಹೆಸರೇ ಇದೆ. ಸ್ಕ್ರಿಪ್ಟ್ ಹೊರಗಿನದಾದರೂ ಅದು ಓಡುವುದು ಸೈಟಿನ ಪುಟದೊಳಗೆ, ಹಾಗಾಗಿ ಸೈಟಿನ ಹೆಸರಿನಲ್ಲೇ ಕುಕೀ ಬರೆಯುತ್ತದೆ. ಫೇಸ್‌ಬುಕ್ ಪಿಕ್ಸೆಲ್ ಎಂಬ ಹಿಂಬಾಲಿಸುವ ಸ್ಕ್ರಿಪ್ಟ್ ಬರೆಯುವ 'ಎಫ್‌ಬಿಪಿ' (_fbp) ಕೂಡ ಇದೇ ಜಾತಿಯದು, ಅದರ ಆಯಸ್ಸು 90 ದಿನ. 'ಫಸ್ಟ್-ಪಾರ್ಟಿ ಆದ್ದರಿಂದ ನಿರಪಾಯ' ಎಂಬ ಮಾತು ಎಷ್ಟೋ ಕಡೆ ಕೇಳಿಬರುತ್ತದೆ, ಅದು ಸರಿಯಲ್ಲ. ಡೊಮೇನ್ ಕಾಲಂ ಹೇಳುವುದು ಕುಕೀ ಎಲ್ಲಿಗೆ ಸೇರಿದ್ದು ಎಂದು ಮಾತ್ರ. ಅದರೊಳಗಿನ ಸಂಖ್ಯೆ ಯಾರ ಕೈ ಸೇರುತ್ತಿದೆ ಎಂಬುದನ್ನು ನೆಟ್‌ವರ್ಕ್ ಟ್ಯಾಬ್ ಮಾತ್ರ ಹೇಳಬಲ್ಲದು. ಜಿಎ ಕುಕೀಯ ಮೌಲ್ಯದ ಮೂರನೆಯ ಭಾಗದ ಸಂಖ್ಯೆಯನ್ನು ನಕಲು ಮಾಡಿ ನೆಟ್‌ವರ್ಕ್ ಟ್ಯಾಬ್‌ನ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿ. ಬೇರೆ ಡೊಮೇನಿಗೆ ಹೋದ ಕೋರಿಕೆಯ ವಿಳಾಸದಲ್ಲಿ ಅದೇ ಸಂಖ್ಯೆ ಸಿಕ್ಕರೆ ಗುರುತು ಹೊರಗೆ ಹೋಗಿದೆ ಎಂದೇ ಅರ್ಥ. ಜಾಹೀರಾತು ಕಂಪನಿಗಳು ಪರಸ್ಪರ ಗುರುತು ಹೊಂದಿಸಿಕೊಳ್ಳುವುದೂ ಹೀಗೆಯೇ: ಒಂದು ಕಂಪನಿಯ ಸರ್ವರ್ 302 ರೀಡೈರೆಕ್ಟ್ ಕೊಟ್ಟು, ತನ್ನ ಬಳಿಯ ಸಂಖ್ಯೆಯನ್ನು ವಿಳಾಸದಲ್ಲಿ ಸೇರಿಸಿ ಬ್ರೌಸರನ್ನು ಇನ್ನೊಂದು ಕಂಪನಿಗೆ ಅಟ್ಟುತ್ತದೆ. ಕ್ಷಣಾರ್ಧದ ಕೆಲಸ. ಪರದೆಯ ಮೇಲೆ ಏನೂ ಕಾಣುವುದಿಲ್ಲ, ಲಾಗ್‌ನಲ್ಲಿ ಮಾತ್ರ ಸಾಲಾಗಿ ಉಳಿದಿರುತ್ತದೆ.

ನಿಜವಾದ ಥರ್ಡ್-ಪಾರ್ಟಿ ಕುಕೀಯ ಕೆಲಸ ಇದಕ್ಕಿಂತ ಸರಳ. ಸುದ್ದಿ ಸೈಟು, ಅಡುಗೆ ಸೈಟು, ಆರೋಗ್ಯ ಸೈಟು ಮೂರರಲ್ಲೂ ಒಂದೇ ಜಾಹೀರಾತು ಡೊಮೇನಿನ ಚಿತ್ರವೋ ಚೌಕಟ್ಟೋ ಇದ್ದರೆ, ಮೂರು ಕಡೆಯಿಂದಲೂ ಒಂದೇ ಕುಕೀ ಆ ಡೊಮೇನಿಗೆ ಹೋಗುತ್ತದೆ. ಮೂರು ಸೈಟುಗಳಿಗೆ ಪರಸ್ಪರ ಪರಿಚಯವಿಲ್ಲ. ನಡುವಿನವರಿಗೆ ಮೂರೂ ಗೊತ್ತು. ಇಂಥ ಕುಕೀಯಲ್ಲಿ ಸೇಮ್‌ಸೈಟ್ ಕಾಲಂ 'ನನ್' (None) ಎಂದೂ ಸೆಕ್ಯೂರ್ ಕಾಲಂ ಟಿಕ್ ಎಂದೂ ಇರುತ್ತದೆ. 2020ರಿಂದ ಕ್ರೋಮ್ ಸೇಮ್‌ಸೈಟ್ ಹೇಳದ ಕುಕೀಯನ್ನು 'ಲ್ಯಾಕ್ಸ್' ಎಂದೇ ಪರಿಗಣಿಸುತ್ತದೆ, ಅಂದರೆ ಬೇರೆ ಸೈಟಿನೊಳಗೆ ಹುದುಗಿದ್ದಾಗ ಕಳಿಸುವುದಿಲ್ಲ. ಹಾಗಾಗಿ 'ನನ್' ಎಂದಿದ್ದರೆ ಅದು ಯಾರೋ ಬೇಕೆಂದೇ ಬರೆದದ್ದು. ಪಾವತಿಯ ಚೌಕಟ್ಟು, ಹುದುಗಿಸಿದ ವಿಡಿಯೋ, ಒಂದೇ ಲಾಗಿನ್‌ನಲ್ಲಿ ಹಲವು ಸೈಟು ತೆರೆಯುವ ವ್ಯವಸ್ಥೆ ಇವುಗಳಿಗೂ ಅದು ಬೇಕಾಗುತ್ತದೆಂಬುದು ನಿಜ. ಡೊಮೇನ್ ಹೆಸರು ನೋಡಿ ತೀರ್ಮಾನಿಸಬೇಕು.

'ತಿರಸ್ಕರಿಸಿ' ಒತ್ತಿದರೂ ಕುಕೀ ಉಳಿಯುವುದೇಕೆ? ಹೆಚ್ಚಿನ ಸಲ ದುರುದ್ದೇಶಕ್ಕಿಂತ ಅವಸರದ ಜೋಡಣೆ ಕಾರಣ. ಒಪ್ಪಿಗೆಯ ಸ್ಕ್ರಿಪ್ಟ್‌ಗಿಂತ ಮೊದಲು ಅನಲಿಟಿಕ್ಸ್ ಸ್ಕ್ರಿಪ್ಟ್ ಲೋಡ್ ಆದರೆ ಕುಕೀ ಅಷ್ಟರಲ್ಲೇ ಬರೆದಾಗಿರುತ್ತದೆ. ಆಮೇಲೆ ತಿರಸ್ಕರಿಸಿದರೆ ಮುಂದಿನ ಸ್ಕ್ರಿಪ್ಟ್‌ಗಳು ನಿಲ್ಲುತ್ತವೆ, ಹಳೆಯದು ಹಾಗೇ ಇರುತ್ತದೆ. ಅಳಿಸಲು ಪ್ರಯತ್ನಿಸುವ ಸೈಟುಗಳೂ ಸೋಲುವುದುಂಟು: ಹೆಸರು, ಡೊಮೇನ್, ಪಾತ್ (ಸೈಟಿನೊಳಗಿನ ದಾರಿ) ಮೂರೂ ತಾಳೆಯಾಗದಿದ್ದರೆ ಬ್ರೌಸರ್ ಅಳಿಸುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಎಚ್‌ಟಿಟಿಪಿ-ಓನ್ಲಿ ಗುರುತಿರುವ ಕುಕೀಯನ್ನಂತೂ ಪುಟದ ಸ್ಕ್ರಿಪ್ಟ್ ಮುಟ್ಟುವಂತೆಯೇ ಇಲ್ಲ, ಸರ್ವರ್‌ನಿಂದಲೇ ಅಳಿಸಬೇಕು. ತಿರಸ್ಕರಿಸಿದ ನೆನಪನ್ನು ಇಟ್ಟುಕೊಳ್ಳಲೂ ಒಂದು ಕುಕೀ ಬೇಕು. ಅದು ಉಳಿದದ್ದಕ್ಕೆ ಸೈಟನ್ನು ದೂರಬಾರದು. ಯುರೋಪಿನಲ್ಲಿ ಈ ವಿಷಯದಲ್ಲಿ ಕಾನೂನು ಬಿಗಿ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆ ಅಲ್ಲ ಎಂದು ಐರೋಪ್ಯ ನ್ಯಾಯಾಲಯ 2019ರ ಅಕ್ಟೋಬರ್‌ನಲ್ಲಿ ಪ್ಲಾನೆಟ್49 ಪ್ರಕರಣದಲ್ಲಿ ತೀರ್ಪಿತ್ತಿತು. ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸಿನ ನಿಯಂತ್ರಕ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡದ ಆದೇಶ ಪ್ರಕಟಿಸಿತು.

ಗೌಪ್ಯತೆಯ ಮಾತಿನಲ್ಲಿ ಜಾಹೀರಾತಿಗೇ ಎಲ್ಲರ ಗಮನ. ಅದಕ್ಕಿಂತ ತೀವ್ರವಾದ ಅಪಾಯ ಲಾಗಿನ್ ಕುಕೀಯದು. ಲಾಗಿನ್ ಆದ ಮೇಲೆ ಪಾಸ್‌ವರ್ಡ್, ಒಟಿಪಿಯ ಕೆಲಸ ಮುಗಿಯಿತು. ಆಮೇಲೆ ಸರ್ವರ್ ನಂಬುವುದು ಈ ಲಾಗಿನ್ ಕುಕೀಯನ್ನೇ. ಪೈರೇಟೆಡ್ ಸಾಫ್ಟ್‌ವೇರ್ ಜೊತೆ ಬರುವ ಮಾಲ್‌ವೇರ್ ಅದನ್ನು ಕದ್ದರೆ ಕಳ್ಳನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ನಿಮ್ಮ ಕಂಪ್ಯೂಟರಿನಲ್ಲಿ ಕುಕೀ ಅಳಿಸಿದರೆ ಕದ್ದ ಪ್ರತಿ ಸಾಯುವುದಿಲ್ಲ, ಏಕೆಂದರೆ ನೀವು ಲಾಗಿನ್ ಆಗಿದ್ದೀರಿ ಎಂಬ ದಾಖಲೆ ಜೀವಂತವಾಗಿರುವುದು ಸರ್ವರ್‌ನಲ್ಲಿ. ಸ್ವಚ್ಛವಾದ ಇನ್ನೊಂದು ಸಾಧನದಿಂದ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಬೇಕು, ಪಾಸ್‌ವರ್ಡ್ ಬದಲಿಸಬೇಕು. ಹಂಚಿಕೊಂಡ ಕಂಪ್ಯೂಟರಿನಲ್ಲಿ ಟ್ಯಾಬ್ ಮುಚ್ಚಿ ಹೊರಡದೆ ಲಾಗ್ ಔಟ್ ಒತ್ತಬೇಕು ಎನ್ನುವುದಕ್ಕೂ ಇದೇ ಕಾರಣ.

ದಿನಬಳಕೆಯ ಬ್ರೌಸರಿಗೆ ನಾನು ಇಟ್ಟುಕೊಂಡಿರುವ ವ್ಯವಸ್ಥೆ ದೊಡ್ಡದೇನಲ್ಲ. ಥರ್ಡ್-ಪಾರ್ಟಿ ಕುಕೀ ತಡೆ ಕಾಯಂ. ಸಫಾರಿ 2020ರ ಮಾರ್ಚ್‌ನಿಂದ ಅವನ್ನು ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಪ್ರತಿ ಸೈಟಿನ ಕುಕೀಗೂ ಪ್ರತ್ಯೇಕ ಜಾಗ ಕೊಡುವುದನ್ನು ಎಲ್ಲರಿಗೂ ವಿಸ್ತರಿಸಿತು. ಕ್ರೋಮ್ ಮಾತ್ರ 2020ರಲ್ಲಿ ತೆಗೆದುಹಾಕುವುದಾಗಿ ಹೇಳಿ, ಮುಂದೂಡುತ್ತ ಬಂದು, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಅದರಲ್ಲಿ ನಾವೇ ಸೆಟ್ಟಿಂಗ್ಸ್‌ನ 'ಪ್ರೈವಸಿ ಆ್ಯಂಡ್ ಸೆಕ್ಯುರಿಟಿ' ವಿಭಾಗದಲ್ಲಿ ತಡೆ ಹಾಕಿಕೊಳ್ಳಬೇಕು. ಇದರ ಮೇಲೆ, ಬ್ರೌಸರ್ ಮುಚ್ಚಿದಾಗ ಎಲ್ಲ ಕುಕೀ ಅಳಿಸುವ ಸೆಟ್ಟಿಂಗ್ ಹಾಕಿ, ಇಮೇಲ್, ಕೆಲಸದ ಖಾತೆಯಂಥ ನಾಲ್ಕಾರು ಸೈಟುಗಳಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೇನೆ. ವಿನಾಯಿತಿ ಕೊಡುವಾಗ ಲಾಗಿನ್ ನಡೆಯುವ ಡೊಮೇನನ್ನೂ ಸೇರಿಸಬೇಕು. ಎಷ್ಟೋ ಸೇವೆಗಳಲ್ಲಿ ಲಾಗಿನ್ ಪುಟ ಬೇರೆ ಡೊಮೇನಿನಲ್ಲಿರುತ್ತದೆ, ಅದನ್ನು ಬಿಟ್ಟರೆ ದಿನವೂ ಹೊಸದಾಗಿ ಲಾಗಿನ್ ಕೇಳುತ್ತದೆ. ಬ್ಯಾಂಕಿಗೆ ವಿನಾಯಿತಿ ಕೊಡುವುದಿಲ್ಲ. 'ಹೊಸ ಸಾಧನದಿಂದ ಲಾಗಿನ್' ಎಂಬ ಎಚ್ಚರಿಕೆ ಪ್ರತಿ ಸಲ ಬರುತ್ತದೆ, ಬರಲಿ.

ತಡೆ ಹಾಕಿದ ಮೇಲೆ ಪಾವತಿ ಪುಟ ಸುತ್ತುತ್ತಲೇ ಇದ್ದರೆ, ಲಾಗಿನ್ ಮುಗಿದೂ ಮತ್ತೆ ಲಾಗಿನ್ ಪುಟಕ್ಕೇ ಬಂದರೆ, ತಡೆಯನ್ನು ಪೂರ್ತಿ ತೆಗೆಯಬೇಡಿ. ವಿಳಾಸಪಟ್ಟಿಯ ಗುರುತಿನಿಂದ ಆ ಒಂದು ಸೈಟಿಗಷ್ಟೇ ಅನುಮತಿ ಕೊಡಬಹುದು.

ಕುಕೀ ನಿಲ್ಲಿಸಿದರೆ ಹಿಂಬಾಲಿಸುವಿಕೆ ನಿಲ್ಲುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಅದೇ ಅಪ್ಲಿಕೇಷನ್ ಟ್ಯಾಬ್‌ನಲ್ಲಿ ಲೋಕಲ್ ಸ್ಟೋರೇಜ್, ಇಂಡೆಕ್ಸ್ಡ್‌ಡಿಬಿ ಎಂಬ ಇನ್ನೆರಡು ಜಾಗಗಳಿವೆ; ಗುರುತಿನ ಸಂಖ್ಯೆ ಅಲ್ಲೂ ಕೂರಬಲ್ಲದು, ಅದಕ್ಕೆ ಮುಕ್ತಾಯದ ದಿನಾಂಕವೇ ಇಲ್ಲ. ಪರದೆಯ ಅಳತೆ, ಫಾಂಟ್‌ಗಳು, ಚಿತ್ರ ಬರೆಯುವ ರೀತಿ ಇವನ್ನು ಕೂಡಿಸಿ ಬ್ರೌಸರನ್ನು ಗುರುತಿಸುವ ಫಿಂಗರ್‌ಪ್ರಿಂಟಿಂಗ್‌ಗೆ ನಿಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಬರೆಯಬೇಕಿಲ್ಲ. ಇವೆಲ್ಲಕ್ಕಿಂತ ಗಟ್ಟಿಯಾದ ಗುರುತೆಂದರೆ ನಾವೇ ಕೈಯಾರೆ ಕೊಡುವ ಇಮೇಲ್ ವಿಳಾಸ: ಎರಡು ಸೈಟುಗಳಲ್ಲಿ ಒಂದೇ ವಿಳಾಸ ಇದ್ದರೆ ಅದರ ಹ್ಯಾಶ್ (ವಿಳಾಸದಿಂದ ಲೆಕ್ಕ ಹಾಕಿ ಪಡೆಯುವ ಸಂಕೇತ) ಒಂದೇ ಬರುತ್ತದೆ, ಯಾವ ಕುಕೀಯೂ ಇಲ್ಲದೆ ದಾಖಲೆಗಳು ಜೋಡಿಯಾಗುತ್ತವೆ. ರಿಯಾಯಿತಿ ಕೂಪನ್ನು, ಸುದ್ದಿಪತ್ರ ಇಂಥವಕ್ಕೆ ಸೈಟಿಗೊಂದು ಬೇರೆ ಬೇರೆ ಅಲಿಯಾಸ್ ವಿಳಾಸ (ನಮ್ಮದೇ ಇಮೇಲ್ ಪೆಟ್ಟಿಗೆಗೆ ಬರುವ ಬದಲಿ ವಿಳಾಸ) ಕೊಡುತ್ತೇನೆ. ಪ್ಲಸ್ ಚಿಹ್ನೆ ಸೇರಿಸಿ ಮಾಡುವ ಅಲಿಯಾಸ್ ಇದಕ್ಕೆ ಸಾಲದು, ಪ್ಲಸ್‌ನಿಂದ ಮುಂದಿನದನ್ನು ಕತ್ತರಿಸಿ ಮೂಲ ವಿಳಾಸ ಪಡೆಯುವುದು ಒಂದು ಸಾಲಿನ ಕೋಡ್. ಇಮೇಲ್ ಸೇವೆಯೇ ಹೊಸದಾಗಿ ಹುಟ್ಟಿಸಿಕೊಡುವ ಬೇರೆಯೇ ವಿಳಾಸ ಬೇಕು.