ಕುಸಿದ ಪ್ಲೇಟುಗಳಿಗೆ ಮತ್ತೆ ಬಾಗು ಕೊಡಿಸಿದ್ದು

ರಾತ್ರಿ ಸಿದ್ದಾಪುರದಿಂದ ತೋಟಕ್ಕೆ ವಾಪಸಾಗುವಾಗ ಪಿಕಪ್ಪಿನ ಹೆಡ್‌ಲೈಟು ರಸ್ತೆ ಬಿಟ್ಟು ಸಿಲ್ವರ್ ಓಕ್ ಮರಗಳ ನೆತ್ತಿಗೆ ಬೀಳುತ್ತಿತ್ತು. ಡಿಮ್ ಹಾಕಿದ್ದರೂ ಎದುರಿನವರು ಲೈಟು ಮಿಟುಕಿಸುತ್ತಿದ್ದರು. ಹದಿನೆಂಟು ವರ್ಷದ ಗಾಡಿ, ಪ್ರತಿ ರೋಬಸ್ಟಾ ಕುಯ್ಲಿನಲ್ಲೂ ಮಿತಿಮೀರಿ ಮೂಟೆ ಹೇರಿದವರು ನಾವೇ. ಹಿಂದಿನ ಲೀಫ್ ಸ್ಪ್ರಿಂಗ್, ಅಂದರೆ ಭಾರ ಹೊರುವ ಬಾಗಿದ ಉಕ್ಕಿನ ಪ್ಲೇಟುಗಳ ಕಟ್ಟು, ಕುಸಿದು ಹಿಂಬದಿ ತಗ್ಗಿ ಮೂತಿ ಮೇಲೆದ್ದಿತ್ತು.

ಕಾಫಿ ಕಣದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದೆ. ಹೀಗೆ ಅಳೆದರೆ ಟೈರಿನ ಗಾಳಿ ಹೆಚ್ಚುಕಡಿಮೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ಹಿಂದೆ ಎಡಗಡೆ ಬಲಕ್ಕಿಂತ 2.5 ಸೆಂ.ಮೀ. ತಗ್ಗು.

'ಇನ್ನೊಂದು ಪ್ಲೇಟ್ ಸೇರಿಸಿಬಿಡಿ ಅಣ್ಣ' ಅಂದವರೇ ಹೆಚ್ಚು. ನನಗೆ ಒಪ್ಪಿಗೆಯಾಗಲಿಲ್ಲ. ಪ್ಲೇಟ್ ಹೆಚ್ಚಾದರೆ ಖಾಲಿ ಗಾಡಿ ಕುಣಿಯುತ್ತದೆ, ಮಳೆಗಾಲದ ಹೊಂಡಗಳಲ್ಲಿ ಹಿಂದಿನ ಚಕ್ರ ನೆಲ ಬಿಡುತ್ತದೆ. ಹಿಂಬದಿಯ ಎತ್ತರ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್ ಇರುವ ಗಾಡಿಯನ್ನು ಮೂಲ ಅಳತೆಗಿಂತ ಮೇಲೆತ್ತಿದರೆ ಹಿಂದಿನ ಬ್ರೇಕು ಸಡಿಲವಾಗುತ್ತದೆ. ಘಾಟಿ ಇಳಿಯುವವರಿಗೆ ಅದು ಅಪಾಯ.

ಕುಶಾಲನಗರದಲ್ಲಿ ಸೆಟ್ ಬಿಚ್ಚಿಸಿದೆ. ಪ್ಲೇಟುಗಳನ್ನು ನಡುವೆ ಪೋಣಿಸಿ ಹಿಡಿದಿಡುವ ಸೆಂಟರ್ ಬೋಲ್ಟ್ ತೆಗೆಯುವ ಮುಂಚೆ ಅವನ್ನು ಕ್ಲ್ಯಾಂಪಿನಲ್ಲಿ ಬಿಗಿದಿರಲೇಬೇಕು, ಇಲ್ಲವಾದರೆ ಒಟ್ಟಿಗೇ ಎಗರುತ್ತವೆ. ಒಂದೊಂದನ್ನೂ ಬೇರ್ಪಡಿಸಿದಾಗ ನಡುವೆ ಕೆಂಪುಮಣ್ಣು, ಪದರಪದರ ತುಕ್ಕು. ಕೆಳಗಿನ ಪ್ಲೇಟಿನ ತುದಿ ಮೇಲಿನದರ ಹೊಟ್ಟೆಯನ್ನು ಉಗುರು ಕೂರುವಷ್ಟು ಕೊರೆದಿತ್ತು. ಎಡಗಡೆಯ ಎರಡನೇ ಪ್ಲೇಟಿನಲ್ಲಿ, ಬೋಲ್ಟಿನ ತೂತಿನ ಪಕ್ಕ, ಕೂದಲೆಳೆಯಷ್ಟು ಬಿರುಕು. ಸೀಮೆಎಣ್ಣೆಯಲ್ಲಿ ಒರೆಸದಿದ್ದರೆ ಕಾಣುತ್ತಲೇ ಇರಲಿಲ್ಲ.

ಒಂದು ಕಡೆ 'ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದುಕೊಡ್ತೀವಿ' ಅಂದರು. ಬೇಡವೆಂದೆ. ಹಾಗೆ ಕಾಯಿಸಿ, ಸರಿಯಾಗಿ ಮತ್ತೆ ಹದ ಕೊಡದೆ ಬಿಟ್ಟರೆ ಉಕ್ಕಿನ ಪುಟಿತವೇ ಹೋಗುತ್ತದೆ. ಎಲ್ಲಕ್ಕಿಂತ ಮೇಲಿನ ಮೇನ್ ಪ್ಲೇಟ್, ಅದರ ಕೆಳಗಿನ ಎರಡನೆಯದು ಎರಡೂ ಕಡೆಗೆ ಹೊಸದು ತಂದೆ. ಹೊಸ ಮೇನಿನ ಬಾಗನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದುಕೊಂಡು, ಉಳಿದವನ್ನು ಕಾಯಿಸದೆ ಪ್ರೆಸ್‌ನಲ್ಲಿ ಅಂಗುಲ ಅಂಗುಲವಾಗಿ ಒತ್ತಿ ಬಾಗಿಸಿದರು. ಕೆಳಗಿಳಿದಂತೆ ಪ್ರತಿ ಪ್ಲೇಟೂ ಮೇಲಿನದಕ್ಕಿಂತ ಒಂದಿಷ್ಟು ಹೆಚ್ಚು ಬಾಗಿರಬೇಕು. ಆಗಲೇ ಬೋಲ್ಟ್ ಬಿಗಿದಾಗ ಒಂದಕ್ಕೊಂದು ಒತ್ತಿ ಕೂರುತ್ತವೆ.

ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್, ಸ್ಪ್ರಿಂಗಿನ ತುದಿಗಳಲ್ಲಿ ಕೂರುವ ರಬ್ಬರ್ ಬುಶ್ ಎಲ್ಲ ಹೊಸದು. ಬುಶ್ ಬೋಲ್ಟುಗಳನ್ನು ಗಾಡಿ ಜಾಕಿನಿಂದ ಇಳಿದು ಭಾರ ಚಕ್ರದ ಮೇಲೆ ಕೂತ ನಂತರವೇ ಕೊನೆಯ ಬಿಗಿ ಕೊಡಿಸಿದೆ. ನೇತಾಡುವಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.

500 ಕಿ.ಮೀ. ಓಡಿಸಿ ಯು-ಬೋಲ್ಟ್ ಮತ್ತೊಮ್ಮೆ ಬಿಗಿಸಿದಾಗ ಅರ್ಧ ಸುತ್ತು ಹಿಡಿಯಿತು. ಹೊಸ ಬಾಗು ಸ್ವಲ್ಪ ಇಳಿದು ನಿಂತಿದೆ, ಎಡಬಲ ಈಗ ಸಮ. ಅಳತೆಗಳನ್ನು ಡ್ಯಾಶ್‌ಬೋರ್ಡಿನ ಒಳಮುಚ್ಚಳಕ್ಕೆ ಅಂಟಿಸಿದ್ದೇನೆ, ಕುಯ್ಲು ಶುರುವಾಗುವ ಮುಂಚೆ ಮತ್ತೆ ಟೇಪ್ ಹಿಡಿಯಬೇಕು.