ಮಗುವಿನ ಮಲಬದ್ಧತೆಗೆ ಮೆಗ್ನೀಸಿಯಂ: ಯಾರಿಗೆ ಕೊಡಬಹುದು, ಎಷ್ಟು, ಯಾವಾಗ ನಿಲ್ಲಿಸಬೇಕು

ಮೆಗ್ನೀಸಿಯಂ ಊಟದಲ್ಲೇ ಇರುವ ಖನಿಜ, ಮೆಡಿಕಲ್ ಸ್ಟೋರ್‌ನಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ಹಾಗಾಗಿ ಮಕ್ಕಳಿಗೆ ಕೊಟ್ಟರೆ ಏನೂ ಆಗುವುದಿಲ್ಲ ಅಂತ ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ಸರಿಯಾದ ಮಗುವಿಗೆ ಸರಿಯಾದ ಅಳತೆಯಲ್ಲಿ ಕೊಟ್ಟರೆ ಇದು ಒಳ್ಳೆಯ ಔಷಧಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮಲ ಸಡಿಲಿಸಲು ಕೊಡುವ ಮೆಗ್ನೀಸಿಯಂ ಪೌಷ್ಟಿಕ ಪುಡಿ ಅಲ್ಲ, ಔಷಧಿ. ಅದನ್ನು ಔಷಧಿಯಂತೆಯೇ ಅಳೆದು, ಲೆಕ್ಕವಿಟ್ಟು ಕೊಡಬೇಕು.

ಇದು ಕೆಲಸ ಮಾಡುವ ರೀತಿ ಗೊತ್ತಾದರೆ ಎಚ್ಚರಿಕೆಗಳೆಲ್ಲ ತಾನಾಗಿ ಅರ್ಥವಾಗುತ್ತವೆ. ಮೆಗ್ನೀಸಿಯಂನ ಬಹುಪಾಲು ರಕ್ತಕ್ಕೆ ಸೇರದೆ ಕರುಳಿನಲ್ಲೇ ಉಳಿದು ನೀರನ್ನು ಎಳೆದುಕೊಳ್ಳುತ್ತದೆ. ಅದರಿಂದ ಮಲ ಮೆತ್ತಗಾಗುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ಹೊರಬರುತ್ತದೆ. ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಹೋಗುತ್ತದೆ, ಅದನ್ನು ಕಿಡ್ನಿಗಳು ಮೂತ್ರದಲ್ಲಿ ಹೊರಹಾಕುತ್ತವೆ. ಕಿಡ್ನಿ ಬಲಿತಿಲ್ಲದ ಹಸುಗೂಸಿನಲ್ಲಿ, ಕಿಡ್ನಿ ಕಾಯಿಲೆ ಇರುವ ಮಗುವಿನಲ್ಲಿ, ವಾಂತಿ ಭೇದಿಯಿಂದ ಮೈಯ ನೀರು ಬತ್ತಿ ಮೂತ್ರವೇ ಕಡಿಮೆಯಾದ ಮಗುವಿನಲ್ಲಿ ಆ ಬಾಗಿಲು ಮುಚ್ಚುತ್ತದೆ. ಆಗ ಮೆಗ್ನೀಸಿಯಂ ರಕ್ತದಲ್ಲಿ ಕೂಡುತ್ತಾ ಹೋಗುತ್ತದೆ.

ಬಾಟಲಿ ತೆರೆಯುವ ಮೊದಲು

ಮೊದಲು ಇದು ಮಲಬದ್ಧತೆಯೇ ಹೌದಾ ಅಂತ ನೋಡಿ. ಎದೆಹಾಲು ಮಾತ್ರ ಕುಡಿಯುವ ಒಂದೂವರೆ ಎರಡು ತಿಂಗಳ ಮಗು ಒಂದು ವಾರದವರೆಗೆ ಕಕ್ಕ ಮಾಡದೆ, ಆಮೇಲೆ ಮೆತ್ತಗೆ ಮಾಡಿದರೆ, ಹಾಲು ಚೆನ್ನಾಗಿ ಕುಡಿಯುತ್ತಾ ತೂಕವೂ ಏರುತ್ತಿದ್ದರೆ, ಅದು ಮಲಬದ್ಧತೆ ಅಲ್ಲ. ಅಂಥ ಕೂಸಿಗೆ ಯಾವ ಮದ್ದೂ ಬೇಡ. ಹರಳೆಣ್ಣೆಯೂ ಬೇಡ, ಎಣ್ಣೆ ಸವರಿದ ವೀಳ್ಯದೆಲೆ ತೊಟ್ಟನ್ನು ಗುದದ್ವಾರಕ್ಕೆ ಇಡುವುದೂ ಬೇಡ. ಅಲ್ಲಿನ ಚರ್ಮ ಬಹಳ ತೆಳು, ಸುಲಭವಾಗಿ ಹರಿಯುತ್ತದೆ.

ದೊಡ್ಡ ಮಗುವಾದರೆ ವಾರಕ್ಕೆ ಎರಡು ಸಲ ಅಥವಾ ಅದಕ್ಕಿಂತ ಕಡಿಮೆ ಹೋಗುವುದು, ಆಡಿನ ಹಿಕ್ಕೆಯಂಥ ಗಟ್ಟಿ ಮಲ, ಟಾಯ್ಲೆಟ್ ಮುಚ್ಚಿಕೊಳ್ಳುವಷ್ಟು ದಪ್ಪ ಮಲ, ಹೋಗುವಾಗ ಅಳು, ಕಾಲು ಹೆಣೆದುಕೊಂಡು ತುದಿಗಾಲಲ್ಲಿ ನಿಂತು ತಡೆಯುವುದು, ಇವುಗಳಲ್ಲಿ ಕನಿಷ್ಠ ಎರಡು ಒಂದು ತಿಂಗಳಿಂದ ಇದ್ದರೆ ಮಲಬದ್ಧತೆ ಎನ್ನಬಹುದು. ಚಡ್ಡಿಯಲ್ಲಿ ಆಗಾಗ ಸ್ವಲ್ಪ ನೀರುನೀರಾದ ಮಲ ಕಾಣಿಸಿದರೆ ಭೇದಿ ಅಂದುಕೊಳ್ಳಬೇಡಿ. ಒಳಗೆ ಗಟ್ಟಿಯಾಗಿ ಕೂತ ಮಲದ ಪಕ್ಕದಿಂದ ತೆಳು ಮಲ ಜಿನುಗುವುದು ಹೀಗೆಯೇ. ಹೊಟ್ಟೆಯ ಕೆಳಭಾಗದಲ್ಲಿ, ಹೆಚ್ಚಾಗಿ ಎಡಬದಿಗೆ, ಗಡ್ಡೆಯಂತೆ ಕೈಗೆ ಸಿಕ್ಕಿದರೆ ಆ ಅನುಮಾನ ಗಟ್ಟಿಯಾಗುತ್ತದೆ.

ಕೆಲವು ಲಕ್ಷಣ ಕಂಡರೆ ಮನೆಮದ್ದಾಗಲಿ ಮೆಗ್ನೀಸಿಯಂ ಆಗಲಿ ಕೊಡದೆ ನೇರವಾಗಿ ಮಕ್ಕಳ ವೈದ್ಯರ ಬಳಿ ಹೋಗಬೇಕು. ಹುಟ್ಟಿದ ಮೇಲೆ ಮೊದಲ ಕಪ್ಪು ಮಲ 48 ಗಂಟೆ ದಾಟಿ ಬಂದದ್ದು, ಮೊದಲ ತಿಂಗಳಲ್ಲೇ ತೊಂದರೆ ಶುರುವಾದದ್ದು, ಹಸಿರು ಬಣ್ಣದ ಪಿತ್ತದ ವಾಂತಿ, ಹೊಟ್ಟೆ ಬಿಗಿದು ಉಬ್ಬಿಕೊಳ್ಳುವುದು, ತೂಕ ಏರದಿರುವುದು, ಕಾಲುಗಳಲ್ಲಿ ಬಲ ಕಡಿಮೆ ಇರುವುದು, ಸೊಂಟದ ಕೆಳಗೆ ಬೆನ್ನುಮೂಳೆಯ ಮೇಲೆ ಕುಳಿ ಅಥವಾ ಕೂದಲ ಗೊಂಚಲು, ಗುದದಲ್ಲಿ ಸೀಳು ಇಲ್ಲದಿದ್ದರೂ ಮಲದಲ್ಲಿ ರಕ್ತ. ಕರುಳಿನ ನರಗಳ ದೋಷ, ಥೈರಾಯ್ಡ್ ಕೊರತೆ, ಬೆನ್ನುಹುರಿಯ ತೊಂದರೆಗಳು ಹೀಗೆ ತಲೆ ಎತ್ತುತ್ತವೆ.

ಯಾರಿಗೆ ಕೊಡಬಾರದು

2 ವರ್ಷದೊಳಗಿನ ಮಗುವಿಗೆ ಪೋಷಕರು ತಾವಾಗಿ ಕೊಡಲೇಬಾರದು. ಕಿಡ್ನಿ ಕಾಯಿಲೆ, ಹೃದಯ ಬಡಿತದ ತಡೆ, ಮಯಾಸ್ತೇನಿಯಾದಂಥ ಸ್ನಾಯು ದೌರ್ಬಲ್ಯದ ಕಾಯಿಲೆ, ಕರುಳು ಕಟ್ಟಿರುವ ಅನುಮಾನ ಇರುವ ಮಕ್ಕಳಿಗೂ ಬೇಡ. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲು ಹಿಡಿತ ತಪ್ಪುವ ತೊಂದರೆ) ಇರುವ, ಟ್ಯೂಬ್ ಮೂಲಕ ಆಹಾರ ಪಡೆಯುವ ಮಕ್ಕಳಲ್ಲಿ ವಿಶೇಷ ಎಚ್ಚರ ಬೇಕು. ಅವರ ಕರುಳು ನಿಧಾನ, ಆದ್ದರಿಂದ ಔಷಧಿ ಒಳಗೇ ಹೆಚ್ಚು ಹೊತ್ತು ಉಳಿದು ಹೆಚ್ಚು ಹೀರಲ್ಪಡುತ್ತದೆ. ಸುಸ್ತು, ಮಂಪರು ಬಂದರೂ ಅವರು ಹೇಳಿಕೊಳ್ಳಲಾರರು.

ಇನ್ನೊಂದು ಮಾತು. ಮಕ್ಕಳ ಮಲಬದ್ಧತೆಗೆ ಮೊದಲ ಆಯ್ಕೆ ಮೆಗ್ನೀಸಿಯಂ ಅಲ್ಲ, ನೀರಿನಲ್ಲಿ ಕಲಸಿ ಕುಡಿಸುವ, ಮಲ ಮೆತ್ತಗೆ ಮಾಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರರೋಗ ತಜ್ಞರ ಸಂಘಗಳು 2014ರಲ್ಲಿ ಹೊರತಂದ ಮಾರ್ಗಸೂಚಿ ಹೇಳುವುದೂ ಇದನ್ನೇ. ಅದು ಸಿಗದಿದ್ದರೆ ಲ್ಯಾಕ್ಟುಲೋಸ್ ಸಿರಪ್. ಮೆಗ್ನೀಸಿಯಂ ಎರಡನೇ ಸಾಲಿನದು. ಮಲ ಒಳಗೆ ಕಲ್ಲಿನಂತೆ ಕಟ್ಟಿದ್ದರೆ ಮೊದಲು ಅದನ್ನು ಪೂರ್ತಿ ಖಾಲಿ ಮಾಡಿಸಬೇಕು. ಅದಕ್ಕೆ ವೈದ್ಯರು ಪಾಲಿಎಥಿಲೀನ್ ಗ್ಲೈಕಾಲನ್ನು ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂನಂತೆ 3ರಿಂದ 6 ದಿನ ಕೊಡುತ್ತಾರೆ. ಈ ಹಂತ ಬಿಟ್ಟು ಮೆಗ್ನೀಸಿಯಂ ಶುರು ಮಾಡಿದರೆ ಏನಾಗುತ್ತದೆ ನೋಡಿ: ಮಲ ಬರುವುದಿಲ್ಲ, ಅಮ್ಮ ಇನ್ನೊಂದು ಡೋಸ್ ಕೊಡುತ್ತಾಳೆ, ಸಂಜೆ ಅಜ್ಜಿ ಮತ್ತೊಂದು ಕೊಡುತ್ತಾಳೆ, ಕದಲದ ಕರುಳಿನಲ್ಲಿ ಅಷ್ಟೂ ಕೂತು ರಕ್ತಕ್ಕೆ ಇಳಿಯುತ್ತದೆ. ಕೆಲಸ ಮಾಡಲಿಲ್ಲ ಅಂತ ಮತ್ತೆ ಮತ್ತೆ ಕೊಡುವುದು ಈ ಔಷಧಿಯ ವಿಷಯದಲ್ಲಿ ಅತ್ಯಂತ ಅಪಾಯದ ಹೆಜ್ಜೆ.

ಲೇಬಲ್ ಓದುವ ಕ್ರಮ

ಮಿಲ್ಕ್ ಆಫ್ ಮೆಗ್ನೀಸಿಯಾ ಎಂಬ ಬಿಳಿ ದ್ರವದಲ್ಲಿ ಇರುವುದು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಸಾಮಾನ್ಯ ಬಾಟಲಿಯಲ್ಲಿ 5 ಎಂಎಲ್‌ಗೆ 400 ಮಿಗ್ರಾಂ. ಅದೇ ಹೆಸರಿನ ಗಾಢ ದ್ರವವೂ ಉಂಟು, ಅದರಲ್ಲಿ 5 ಎಂಎಲ್‌ಗೆ 1200 ಮಿಗ್ರಾಂ, ಅಂದರೆ ಮೂರು ಪಟ್ಟು. ವಿದೇಶದಿಂದ ತಂದ ಬಾಟಲಿಯಾದರೆ ಇದನ್ನು ಮೊದಲು ನೋಡಿ.

ಸಂಯುಕ್ತದ ತೂಕ ಬೇರೆ, ಅದರೊಳಗಿನ ಶುದ್ಧ ಮೆಗ್ನೀಸಿಯಂ ಬೇರೆ. ಹೈಡ್ರಾಕ್ಸೈಡ್‌ನಲ್ಲಿ ಸುಮಾರು ಶೇ 42, ಆಕ್ಸೈಡ್‌ನಲ್ಲಿ ಶೇ 60, ಗ್ಲೈಸಿನೇಟ್‌ನಲ್ಲಿ ಶೇ 14ರಷ್ಟು ಮಾತ್ರ ಮೆಗ್ನೀಸಿಯಂ ಇರುತ್ತದೆ. ಹೀಗಾಗಿ 400 ಮಿಗ್ರಾಂ ಹೈಡ್ರಾಕ್ಸೈಡ್ ಎಂದರೆ ಸುಮಾರು 167 ಮಿಗ್ರಾಂ ಮೆಗ್ನೀಸಿಯಂ. ಅಮೆರಿಕದ ಪೌಷ್ಟಿಕಾಂಶ ಮಿತಿಯ ಪ್ರಕಾರ ಊಟ ಬಿಟ್ಟು ಪೂರಕ ರೂಪದಲ್ಲಿ ದಿನಕ್ಕೆ 1ರಿಂದ 3 ವರ್ಷದವರಿಗೆ 65 ಮಿಗ್ರಾಂ, 4ರಿಂದ 8 ವರ್ಷದವರಿಗೆ 110 ಮಿಗ್ರಾಂ, 9 ವರ್ಷ ದಾಟಿದವರಿಗೆ 350 ಮಿಗ್ರಾಂ ಮೇಲ್ಮಿತಿ. ಮಲ ಸಡಿಲಿಸುವ ಡೋಸ್ ಈ ಮಿತಿಯನ್ನು ದಾಟುತ್ತದೆ, ಬೇಕೆಂದೇ ದಾಟುತ್ತದೆ, ಯಾಕೆಂದರೆ ಆ ಮಿತಿ ಇಟ್ಟಿರುವುದೇ ಭೇದಿ ಆಗಬಾರದು ಅಂತ. ಆದ್ದರಿಂದ ದಾಟುವ ನಿರ್ಧಾರ ಮಗುವನ್ನು ನೋಡಿದ ವೈದ್ಯರದ್ದಾಗಿರಬೇಕು. ಅಮೆರಿಕ, ಬ್ರಿಟನ್‌ನಲ್ಲಿರುವ ನಮ್ಮವರ ಮನೆಗಳಲ್ಲಿ ಮಿಠಾಯಿಯಂಥ ಗಮ್ಮಿಗಳು ಕೈಗೆ ಸಿಗುವಂತೆ ಇರುತ್ತವೆ. ಒಂದರಲ್ಲಿ 100 ಮಿಗ್ರಾಂ ಇದ್ದರೆ 3 ವರ್ಷದ ಮಗುವಿಗೆ ಒಂದೇ ಹೆಚ್ಚಾಯಿತು. ಮಗು ಡಬ್ಬಿ ತೆರೆದು ಎಷ್ಟು ತಿಂದಿತೋ ಯಾರಿಗೆ ಗೊತ್ತು! ಬೀಗದ ಕಪಾಟಿನಲ್ಲಿಡಿ.

ನಮ್ಮಲ್ಲಿ ಕ್ರೆಮಾಫಿನ್‌ನಂಥ ಸಿರಪ್‌ಗಳಲ್ಲಿ ಮಿಲ್ಕ್ ಆಫ್ ಮೆಗ್ನೀಸಿಯಾ ಜೊತೆ ಲಿಕ್ವಿಡ್ ಪ್ಯಾರಾಫಿನ್ ಎಣ್ಣೆಯೂ ಇರುತ್ತದೆ. ಈ ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ಕೆಮ್ಮು ಕೂಡ ಬಾರದೆ ನ್ಯುಮೋನಿಯಾ ಆಗಬಹುದು. ಹಸುಗೂಸಿಗೆ, ನುಂಗಲು ಕಷ್ಟಪಡುವ ಮಗುವಿಗೆ, ಪದೇ ಪದೇ ಕಕ್ಕುವ ಮಗುವಿಗೆ ಇದು ಬೇಡವೇ ಬೇಡ. ಮೂಗು ಹಿಡಿದು, ಮಲಗಿಸಿ ಯಾವ ಮಗುವಿಗೂ ಕುಡಿಸಬೇಡಿ. ಹೊಟ್ಟೆ ಉರಿಗೆ ಕೊಡುವ ಜೆಲುಸಿಲ್, ಡೈಜಿನ್‌ನಂಥವುಗಳಲ್ಲೂ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಇರುತ್ತದೆ, ಎರಡನ್ನೂ ಕೊಟ್ಟರೆ ಲೆಕ್ಕ ಕೂಡುತ್ತದೆ. ಸ್ನಾನಕ್ಕೆ ಬಳಸುವ ಎಪ್ಸಮ್ ಸಾಲ್ಟ್ ಕೂಡ ಮೆಗ್ನೀಸಿಯಂ ಲವಣವೇ, ಅದನ್ನು ಕುಡಿಸುವುದು, ಅದರಿಂದ ಎನಿಮಾ ಕೊಡುವುದು ಪ್ರಾಣಕ್ಕೇ ಎರವಾಗಬಲ್ಲದು.

ಅಳೆದು ಕೊಡುವುದು

400 ಮಿಗ್ರಾಂ ಬಾಟಲಿಯಲ್ಲಿ ವೈದ್ಯರು ಬರೆಯುವ ದಿನದ ಒಟ್ಟು ಪ್ರಮಾಣ ಸಾಮಾನ್ಯವಾಗಿ ಹೀಗಿರುತ್ತದೆ: 2ರಿಂದ 5 ವರ್ಷಕ್ಕೆ 5ರಿಂದ 15 ಎಂಎಲ್, 6ರಿಂದ 11 ವರ್ಷಕ್ಕೆ 15ರಿಂದ 30 ಎಂಎಲ್, 12 ವರ್ಷದ ಮೇಲೆ 30ರಿಂದ 60 ಎಂಎಲ್. ಒಂದೇ ಸಲ ಅಥವಾ ಭಾಗ ಮಾಡಿ ಕೊಡಬಹುದು. ಕೆಳಗಿನ ಅಂಕಿಯಿಂದ ಶುರು ಮಾಡಿ, ಒಂದೆರಡು ದಿನ ನೋಡಿ, ವೈದ್ಯರನ್ನು ಕೇಳಿ ಏರಿಸಿ. ಸಣ್ಣ ಮೈಯ 2 ವರ್ಷದ ಮಗುವಿಗೆ 15 ಎಂಎಲ್ ಬಹಳ ಹೆಚ್ಚು.

ಬಾಟಲಿಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಿ. ಇದು ಕರಗಿದ ದ್ರವ ಅಲ್ಲ, ಪುಡಿ ತೇಲುತ್ತಿರುವ ದ್ರವ. ಎರಡು ದಿನ ಇಟ್ಟರೆ ಮೇಲೆ ತಿಳಿ ನೀರು, ತಳದಲ್ಲಿ ಬಿಳಿ ಗಸಿ. ಕುಲುಕದೆ ಬಗ್ಗಿಸಿದರೆ ಮೊದಲ ವಾರ ಬರೀ ನೀರು ಹೋಗಿ ಔಷಧಿ ನಾಟುತ್ತಿಲ್ಲ ಅನ್ನಿಸುತ್ತದೆ, ಬಾಟಲಿ ಮುಗಿಯುವ ಹೊತ್ತಿಗೆ ಅದೇ ಅಳತೆಯಲ್ಲಿ ಎಷ್ಟೋ ಪಟ್ಟು ಹೆಚ್ಚು ಹೋಗಿ ಭೇದಿ ಹಿಡಿಯುತ್ತದೆ. ಅಡುಗೆಮನೆ ಚಮಚ ಬಿಟ್ಟು ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಬಳಸಿ, ಮಗುವನ್ನು ನೇರ ಕೂರಿಸಿ ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಕೊಟ್ಟ ಮೇಲೆ ಒಂದು ಲೋಟ ನೀರು ಕುಡಿಸಿ. ಕರುಳಿಗೆ ಎಳೆಯುವ ನೀರು ಎಲ್ಲಿಂದಲಾದರೂ ಬರಬೇಕಲ್ಲ. ಯಾರು, ಎಷ್ಟು ಗಂಟೆಗೆ, ಎಷ್ಟು ಎಂಎಲ್ ಕೊಟ್ಟರು ಅಂತ ಫ್ರಿಜ್ ಮೇಲೊಂದು ಹಾಳೆಯಲ್ಲಿ ಬರೆದಿಡಿ, ಒಂದೇ ದಿನ ಇಬ್ಬರು ಕೊಡುವುದು ತಪ್ಪುತ್ತದೆ.

ಕಬ್ಬಿಣದ ಸಿರಪ್, ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್‌ಗಳು, ಥೈರಾಯ್ಡ್ ಮಾತ್ರೆಗಳನ್ನು ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ದೇಹಕ್ಕೆ ಸೇರಗೊಡುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ 4 ಗಂಟೆ ಅಂತರವಿರಲಿ. ಸಿಪ್ರೋಫ್ಲಾಕ್ಸಾಸಿನ್ ಅನ್ನು ಮೆಗ್ನೀಸಿಯಂಗೆ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಕೊಡಬೇಕು.

ಯಾವಾಗ ತಕ್ಷಣ ನಿಲ್ಲಿಸಬೇಕು

ಮಗುವಿಗೆ ಜ್ವರ, ವಾಂತಿ, ನೀರು ಭೇದಿ ಶುರುವಾದ ದಿನವೇ ಮೆಗ್ನೀಸಿಯಂ ನಿಲ್ಲಿಸಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಕೊಡಿ. ಮೂತ್ರ 6ರಿಂದ 8 ಗಂಟೆ ಆಗದಿದ್ದರೆ ಆಸ್ಪತ್ರೆಗೆ ಹೊರಡಿ.

ರಕ್ತದಲ್ಲಿ ಮೆಗ್ನೀಸಿಯಂ ಏರಿದರೆ ಮೊದಲು ವಾಕರಿಕೆ, ಮುಖ ಕೆಂಪಾಗುವುದು, ಮಂಕುತನ ಕಾಣುತ್ತದೆ. ಆಮೇಲೆ ಕೈಕಾಲು ಜೋತುಬೀಳುತ್ತವೆ, ಮಗು ಎಬ್ಬಿಸಿದರೂ ಏಳುವುದಿಲ್ಲ, ಉಸಿರು ನಿಧಾನವಾಗುತ್ತದೆ, ನಾಡಿ ಇಳಿಯುತ್ತದೆ. ಇದನ್ನು ನಿದ್ದೆ ಅಂದುಕೊಂಡು ಮಲಗಲು ಬಿಡಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಬರೆದಿಟ್ಟ ಹಾಳೆಯನ್ನೂ ಜೊತೆಗೆ ಒಯ್ಯಿರಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ, ಇಸಿಜಿ ಮಾಡಿ, ರಕ್ತನಾಳಕ್ಕೆ ಕ್ಯಾಲ್ಸಿಯಂ ಗ್ಲೂಕೋನೇಟ್ ಕೊಡುತ್ತಾರೆ, ಅಗತ್ಯ ಬಿದ್ದರೆ ಡಯಾಲಿಸಿಸ್. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸ ಬೇಡ.

ಜೊತೆಗೆ ನಡೆಯಬೇಕಾದದ್ದು

ದಿನಕ್ಕೆ ಹಾಲು 500 ಎಂಎಲ್ ದಾಟದಿರಲಿ. ಹಾಲಿನಲ್ಲೇ ಹೊಟ್ಟೆ ತುಂಬಿದ ಮಗು ಸೊಪ್ಪು ಸಾರು, ರಾಗಿ ಮುದ್ದೆ, ಅವರೆಕಾಳು, ಪಪ್ಪಾಯ ತಿನ್ನುವುದಿಲ್ಲ. ನಾರಿನ ಅಂಶ ವಯಸ್ಸಿಗೆ 5 ಸೇರಿಸಿದಷ್ಟು ಗ್ರಾಂ ಸಾಕು, 4 ವರ್ಷಕ್ಕೆ 9 ಗ್ರಾಂ. ಕಿಡ್ನಿ ಸರಿಯಿರುವ ಮಗುವಿಗೆ ಊಟದಲ್ಲಿರುವ ಮೆಗ್ನೀಸಿಯಂನಿಂದ ಅಪಾಯವಿಲ್ಲ. ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುವುದರಿಂದ ಆಗ 5ರಿಂದ 10 ನಿಮಿಷ ಕೂರಿಸಿ. ಕಮೋಡ್ ಆದರೆ ಕಾಲು ನೇತಾಡದಂತೆ ಕೆಳಗೊಂದು ಮಣೆ ಇಡಿ. ಶಾಲೆಯ ಟಾಯ್ಲೆಟ್‌ಗೆ ಹೆದರಿ ಇಡೀ ದಿನ ತಡೆಯುವ ಮಕ್ಕಳು ಬಹಳ. ಅವರನ್ನು ಬೈಯದೆ ಟೀಚರ್ ಜೊತೆ ಮಾತಾಡಿ.

ಔಷಧಿಯನ್ನು ನಾಲ್ಕು ದಿನ ಸಲೀಸಾಯಿತು ಅಂತ ದಿಢೀರ್ ಬಿಟ್ಟರೆ ಹಿಗ್ಗಿದ ಗುದನಾಳ ಮತ್ತೆ ಮಲ ಕೂಡಿಟ್ಟುಕೊಳ್ಳುತ್ತದೆ, ತಿಂಗಳೊಳಗೆ ಮೊದಲಿನ ಸ್ಥಿತಿ. ಮಲಬದ್ಧತೆಯ ಚಿಕಿತ್ಸೆ ಕನಿಷ್ಠ 2 ತಿಂಗಳು ನಡೆಯಬೇಕು, ಎಲ್ಲ ಲಕ್ಷಣ ಹೋಗಿ ಕನಿಷ್ಠ 1 ತಿಂಗಳು ಕಳೆದಿರಬೇಕು, ಆಮೇಲೆ ಹಂತಹಂತವಾಗಿ ಇಳಿಸಬೇಕು. ಅಷ್ಟು ದಿನವೂ ಮೆಗ್ನೀಸಿಯಂನಲ್ಲೇ ಸಾಗಬೇಕೇ, ಪಾಲಿಎಥಿಲೀನ್ ಗ್ಲೈಕಾಲ್‌ಗೆ ಬದಲಾಯಿಸಬೇಕೇ ಅಂತ ವೈದ್ಯರನ್ನು ಕೇಳಿ. ಮೆಗ್ನೀಸಿಯಂನಲ್ಲೇ ಸಾಗುವುದಾದರೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಂಶ) ಮತ್ತು ಮೆಗ್ನೀಸಿಯಂ ನೋಡಿಸಬೇಕಾ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿಕೊಳ್ಳಿ.