ರಟ್ಟು, ವಿಳಾಸ, ತೋಳು, ಕೊನೆಗೆ ಹೆಸರು: ನಾರ್ಫೋಕ್‌ನ ಹಳೆಯ ಭಾವಚಿತ್ರಗಳಿಗೆ ಕಾಲ ಹಚ್ಚುವ ಬಗೆ

ಚಿತ್ರದ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಹೆಸರನ್ನು ನಾನು ಕೊನೆಗೆ ಓದುತ್ತೇನೆ. ‘ಅಜ್ಜಿ, 1858’ ಎಂದು ಬರೆದವರು ಹೆಚ್ಚಾಗಿ ಮೊಮ್ಮಕ್ಕಳು, ಅದೂ ಚಿತ್ರ ತೆಗೆದು ನಲವತ್ತೈವತ್ತು ವರ್ಷ ಕಳೆದ ಮೇಲೆ. ಹೆಸರು ಮೊದಲು ಕಣ್ಣಿಗೆ ಬಿದ್ದರೆ ಮಿಕ್ಕ ಗುರುತುಗಳನ್ನೆಲ್ಲ ಮನಸ್ಸು ಅದಕ್ಕೇ ಹೊಂದಿಸಿಕೊಳ್ಳುತ್ತದೆ. ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯ ಸ್ಟುಡಿಯೋ ಚಿತ್ರಗಳ ಮಟ್ಟಿಗೆ ನಾನು ಹಿಡಿದಿರುವ ಕ್ರಮ: ಮೊದಲು ಚಿತ್ರ ಅಂಟಿಸಿದ ರಟ್ಟು, ಆಮೇಲೆ ಅದರ ಮೇಲಿನ ಸ್ಟುಡಿಯೋ ವಿಳಾಸ, ಉಡುಪು, ಕೊನೆಗೆ ಹೆಸರು.

ರಟ್ಟು ಸುಮಾರು 64 × 100 ಮಿ.ಮೀ. ಇದ್ದರೆ ಅದು ಕಾರ್ಟ್ ದ ವಿಸಿಟ್, ಅಂದರೆ ಭೇಟಿ ಕಾರ್ಡಿನ ಅಳತೆಯ ಫೋಟೋ. ಪ್ಯಾರಿಸ್ಸಿನ ಫೋಟೋಗ್ರಾಫರ್ ಡಿಸ್ಡೆರಿ 1854ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಇಂಗ್ಲೆಂಡಿನಲ್ಲಿ ಇದರ ಹುಚ್ಚು ಹತ್ತಿದ್ದು 1860ರಲ್ಲಿ, ಮೇಯಾಲ್ ತೆಗೆದ ರಾಜಮನೆತನದ ಚಿತ್ರಗಳು ಮಾರಾಟಕ್ಕೆ ಬಂದ ಮೇಲೆ. ಹಳ್ಳಿಯ ರೈತನ ಕಾರ್ಟ್ ಮೇಲೆ 1858 ಎಂದಿದ್ದರೆ ಅಲ್ಲೇ ಅನುಮಾನ ಶುರು. 108 × 165 ಮಿ.ಮೀ. ಇದ್ದರೆ ಕ್ಯಾಬಿನೆಟ್ ಕಾರ್ಡ್, 1866ಕ್ಕಿಂತ ಹಿಂದಿನದಲ್ಲ. ತೆಳು ರಟ್ಟು, ಚೂಪು ಮೂಲೆ 1860ರ ದಶಕದ್ದು. ಮೂಲೆ ದುಂಡಗಾಗಿದ್ದು 1870ರ ದಶಕದ ಮೊದಲಲ್ಲಿ. ದಪ್ಪ ರಟ್ಟು, ಓರೆಯಾಗಿ ಕತ್ತರಿಸಿದ ಚಿನ್ನದ ಅಂಚು, ಕಡು ಹಸಿರು ಅಥವಾ ಕಪ್ಪು ಬಣ್ಣ 1880ರ ದಶಕ ಮತ್ತು ಆಮೇಲಿನದು. ಸ್ಟುಡಿಯೋದವರು ಹಳೆಯ ದಾಸ್ತಾನನ್ನು ಮುಗಿಯುವ ತನಕ ಬಳಸುತ್ತಿದ್ದರು. ಹಾಗಾಗಿ ರಟ್ಟು ‘ಇದಕ್ಕಿಂತ ಮುಂಚೆ ಅಲ್ಲ’ ಎಂದಷ್ಟೇ ಹೇಳುತ್ತದೆ.

ವಿಳಾಸಕ್ಕೆ ಊರೂರಿನ ವ್ಯಾಪಾರಿಗಳ ಹೆಸರು, ವಿಳಾಸ ಪಟ್ಟಿ ಮಾಡಿದ ವ್ಯಾಪಾರ ಡೈರೆಕ್ಟರಿಗಳೇ ಗತಿ. ವೈಟ್ ಹೆಸರಿನ ನಾರ್ಫೋಕ್ ಡೈರೆಕ್ಟರಿಗಳು 1845, 1854, 1864, 1883ರಲ್ಲಿ ಬಂದಿವೆ. 1864 ಮತ್ತು 1883ರ ನಡುವೆ ಹತ್ತೊಂಬತ್ತು ವರ್ಷದ ಕಂದಕ. ಕಾರ್ಟ್‌ಗಳ ಸುಗ್ಗಿಯ ಕಾಲವೂ ಅದೇ. ಆ ಕಂದಕವನ್ನು 1871 ಮತ್ತು 1881ರ ಜನಗಣತಿ, ಬೇರೆ ಡೈರೆಕ್ಟರಿಗಳು, ನಾರ್ಫೋಕ್ ಕ್ರಾನಿಕಲ್‌ನಂಥ ಪತ್ರಿಕೆಗಳ ಜಾಹೀರಾತು ಇಟ್ಟುಕೊಂಡು ತುಂಬುತ್ತೇನೆ. ಡೈರೆಕ್ಟರಿಯ ಮಾಹಿತಿ ಅಚ್ಚಾಗುವ ಮೊದಲೇ ಕಲೆಹಾಕಿದ್ದು, ಆದ್ದರಿಂದ ಒಂದು ವರ್ಷ ಹಿಂದೆ ಮುಂದೆ ಬಿಟ್ಟುಕೊಳ್ಳಬೇಕು. ಇದಕ್ಕಿಂತ ಗಟ್ಟಿ ಆಧಾರ ನೆಗೆಟಿವ್ ಸಂಖ್ಯೆ. ಮತ್ತೆ ಪ್ರತಿ ಬೇಕೆಂದವರಿಗಾಗಿ ಹಿಂಬದಿಯಲ್ಲಿ ಶಾಯಿಯಿಂದ ಅದನ್ನು ಬರೆದಿಡುತ್ತಿದ್ದರು. ಒಂದೇ ಸ್ಟುಡಿಯೋದ ಮೂರು ನಾಲ್ಕು ಕಾರ್ಡುಗಳಿಗೆ ಖಚಿತ ತಾರೀಖು ಸಿಕ್ಕರೆ ಸಂಖ್ಯೆಗಳನ್ನು ಏಣಿಯಂತೆ ಜೋಡಿಸಿ, ತಾರೀಖಿಲ್ಲದವನ್ನು ಮೆಟ್ಟಿಲುಗಳ ನಡುವೆ ಕೂರಿಸಬಹುದು. ಮಾಲೀಕ ಬದಲಾದರೆ ಸಂಖ್ಯೆ ಮತ್ತೆ ಒಂದರಿಂದ ಶುರುವಾಗಿರಬಹುದು. ಏಣಿ ಮುರಿಯುವುದು ಅಲ್ಲೇ.

ಉಡುಪಿನಲ್ಲಿ ನನಗೆ ಅತಿ ನಂಬಿಕೆ ಇರುವುದು ಹೆಂಗಸರ ತೋಳಿನ ಮೇಲೆ. 1890ರ ಸುಮಾರಿಗೆ ಭುಜದ ತುದಿಯಲ್ಲಿ ಸಣ್ಣ ಮೊನೆ ಏಳುತ್ತದೆ, 1893ಕ್ಕೆ ಉಬ್ಬುತ್ತದೆ, 1895–96ರಲ್ಲಿ ಮೊಣಕೈವರೆಗೆ ಬಲೂನಿನಂತೆ ಊದುತ್ತದೆ, 1897ರ ಹೊತ್ತಿಗೆ ಭುಜದ ಮೇಲೊಂದು ಮುಷ್ಟಿಯಷ್ಟು ಮಾತ್ರ ಉಳಿಯುತ್ತದೆ. ಎರಡು ವರ್ಷದ ಅಂತರದಲ್ಲಿ ಕಾಲ ಹೇಳುವ ಗುರುತು ಇದೊಂದೇ ಎಂದರೂ ನಡೆದೀತು. ಗುಂಪಿನಲ್ಲಿ ಅತಿ ಚಿಕ್ಕ ವಯಸ್ಸಿನ ಹೆಂಗಸಿನ ತೋಳು ನೋಡಿ, ಅಜ್ಜಿಯದಲ್ಲ. ಅಜ್ಜಿ ಇಪ್ಪತ್ತು ವರ್ಷದ ಹಿಂದಿನ ರೇಷ್ಮೆಯನ್ನೇ ಉಟ್ಟಿರುತ್ತಾಳೆ. ಕಪ್ಪು ಉಡುಪೆಂದರೆ ಸೂತಕ ಎಂದೂ ಬರೆಯಬೇಡಿ. ಕಪ್ಪು ರೇಷ್ಮೆ ಹಬ್ಬಹರಿದಿನದ ಉಡುಪೂ ಹೌದು. ಜೊತೆಗೆ ಆ ಕಾಲದ ಗಾಜಿನ ಫಲಕಕ್ಕೆ ನಾಟುತ್ತಿದ್ದದ್ದು ಮುಖ್ಯವಾಗಿ ನೀಲಿ ಬೆಳಕು, ಹಾಗಾಗಿ ಕೆಂಪು ಉಡುಪೂ ಕಪ್ಪಾಗಿ ಬರುತ್ತಿತ್ತು. ನೀಲಿ ಕಣ್ಣು ಬೆಳ್ಳಗೆ ಕಾಣುವುದೂ, ಮುಖದ ಮಚ್ಚೆಗಳು ಎದ್ದು ಕಾಣುವುದೂ ಇದರಿಂದಲೇ. ಫ್ರಾಕ್ ಹಾಕಿದ ಮೂರು ವರ್ಷದ ಮಗು ಗಂಡೂ ಆಗಿರಬಹುದು. ಬೈತಲೆ ಒಂದು ಪಕ್ಕಕ್ಕಿದ್ದರೆ ಹೆಚ್ಚಾಗಿ ಗಂಡೇ.

ರಟ್ಟು 1880ರದು, ಉಡುಪು 1850ರದು ಎಂದು ಬಂದರೆ ಎರಡೂ ಸರಿಯಿರಬಹುದು. ಮನೆಯ ಹಿರಿಯರು ತೀರಿಕೊಂಡಾಗ ಹಳೆಯ ಗಾಜಿನ ಚಿತ್ರವನ್ನು ಸ್ಟುಡಿಯೋಗೆ ಒಯ್ದು ಕಾರ್ಟ್ ಆಗಿ ಮತ್ತೆ ತೆಗೆಸುತ್ತಿದ್ದರು. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ: ಗೀರು, ಧೂಳು ಚಿತ್ರದೊಳಗೇ ಇದ್ದು ಕಾಗದದ ಮೈ ನುಣುಪಾಗಿದ್ದರೆ ಅದು ನಕಲು.

ಡಿಗೆರೋಟೈಪ್ (ಬೆಳ್ಳಿ ಲೇಪಿಸಿದ ತಾಮ್ರದ ಫಲಕದ ಮೇಲಿನ ಹಳೆಯ ಫೋಟೋ) ಮತ್ತು ತಗಡಿನ ಚಿತ್ರಗಳಲ್ಲಿ ಎಡ ಬಲ ಅದಲುಬದಲು. ಗಂಡಸರ ಕೋಟಿನ ಎಡ ಭಾಗ ಬಲದ ಮೇಲೆ ಬರಬೇಕು. ತಿರುಗುಮುರುಗಾಗಿದ್ದರೆ ಮದುವೆಯ ಉಂಗುರದ ಕೈಯನ್ನೂ ಹಾಗೆಯೇ ಓದಬೇಕು. ಗಾಜಿನ ಆಂಬ್ರೋಟೈಪನ್ನು ಕೆಲವರು ಮಗುಚಿ ಕೂರಿಸಿ ನೇರ ಮಾಡುತ್ತಿದ್ದರು, ಆದ್ದರಿಂದ ಪ್ರತಿಯೊಂದಕ್ಕೂ ಗುಂಡಿ ನೋಡಲೇಬೇಕು. ಡಿಗೆರೋಟೈಪಿನ ಮೈಯನ್ನು ಬಟ್ಟೆಯಿಂದ ಒರೆಸಿದರೆ ಮುಖವೇ ಅಳಿಸಿಹೋಗುತ್ತದೆ. ಪುಟ್ಟ ಪೆಟ್ಟಿಗೆಯಲ್ಲಿ ಕೂರಿಸಿದ ಇಂಥ ಚಿತ್ರಗಳನ್ನು ಸ್ಕ್ಯಾನರ್ ಮೇಲೆ ಇಡದೆ ಕ್ಯಾಮೆರಾದಲ್ಲೇ ತೆಗೆಯುತ್ತೇನೆ. ಕಾರ್ಟ್‌ಗಳಿಗೆ 1200 ಡಿಪಿಐ ಸ್ಕ್ಯಾನ್, ಬಣ್ಣದಲ್ಲೇ, ಎರಡೂ ಬದಿ. ಬಾಗಿದ ರಟ್ಟನ್ನು ಒತ್ತಿ ಚಪ್ಪಟೆ ಮಾಡಲು ಹೋದರೆ ಚಿತ್ರವನ್ನು ಹಿಡಿದಿರುವ ಮೊಟ್ಟೆಯ ಬಿಳಿಯ ಪದರ ಬಿರಿಯುತ್ತದೆ.

ಕರಾವಳಿಯ ಶೆರಿಂಗ್‌ಹ್ಯಾಮ್‌ನದು ಬೇರೆಯೇ ತಾಪತ್ರಯ. ಆಲಿವ್ ಎಡಿಸ್ 1905ರಲ್ಲಿ ಅಲ್ಲಿ ಸ್ಟುಡಿಯೋ ತೆರೆದು ಬೆಸ್ತರನ್ನು ಚಿತ್ರಿಸಿದರು. ಅವರ ಚಿತ್ರಗಳ ದೊಡ್ಡ ಸಂಗ್ರಹ ಪಕ್ಕದ ಕ್ರೋಮರ್ ಮ್ಯೂಸಿಯಂನಲ್ಲಿದೆ. ವೆಸ್ಟ್, ಗ್ರೈಸ್, ಪೆಗ್, ಕ್ರಾಸ್ಕ್ ಹೀಗೆ ಕೆಲವೇ ಮನೆತನ. ಅದರ ಮೇಲೆ ಜಾನ್, ಹೆನ್ರಿ ಎಂಬ ಅವವೇ ಹೆಸರು. ಆ ಊರಿನವರೇ ಅಡ್ಡಹೆಸರಿನಿಂದ ಗುರುತಿಸುತ್ತಿದ್ದರು, ಆದ್ದರಿಂದ ಅಡ್ಡಹೆಸರಿಗೆ ನಾನು ಪ್ರತ್ಯೇಕ ಕಾಲಮ್ ಇಟ್ಟಿದ್ದೇನೆ. ಅವರು ತೊಡುವ ಗ್ಯಾನ್ಸಿ ಸ್ವೆಟರಿನ ಹೆಣಿಗೆ ನೋಡಿ ಊರು ಹೇಳಬಹುದು ಎಂಬ ಮಾತನ್ನು ನಂಬುವುದಿಲ್ಲ. ಹೆಣಿಗೆಯ ವಿನ್ಯಾಸ ಮದುವೆಯಾಗಿ ಹೋದ ಹೆಣ್ಣಿನ ಜೊತೆ ಊರು ಬದಲಿಸುತ್ತದೆ.

ಬಣ್ಣದ ಕಲಾಕೃತಿಗಳಲ್ಲೂ ಹೆಸರಿನ ಕಾಟ ಇದ್ದದ್ದೇ. ನಾರ್ಫೋಕ್‌ನ ದೊಡ್ಡ ಮನೆಗಳ ಭಾವಚಿತ್ರಗಳನ್ನು ಪಟ್ಟಿ ಮಾಡಿದವರು ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಅವರ ಮಗ ಫ್ರೆಡರಿಕ್. ಆ ಪಟ್ಟಿ ಅವರು ತೀರಿಕೊಂಡ ಎರಡು ವರ್ಷಕ್ಕೆ, 1928ರಲ್ಲಿ, ಎರಡು ಸಂಪುಟಗಳಾಗಿ ಅಚ್ಚಾಯಿತು. ಥೆಟ್‌ಫರ್ಡ್‌ನ ಏನ್ಶಿಯಂಟ್ ಹೌಸ್ ಕೊಂಡು ಊರಿಗೆ ಕೊಟ್ಟವರೂ ಅವರೇ. ಚಿತ್ರದ ಮೂಲೆಯ ಚಿನ್ನದ ಅಕ್ಷರದ ಹೆಸರು ಎಷ್ಟೋ ಕಡೆ ನೂರು ವರ್ಷ ಆಮೇಲೆ ಬರೆಸಿದ್ದು. ಲ್ಯಾಟಿನ್‌ನಲ್ಲಿ ‘ಏಟಾಟಿಸ್ ಸುವೇ 34’ ಎಂದಿದ್ದರೆ 34ನೇ ವರ್ಷ ನಡೆಯುತ್ತಿದೆ ಎಂದರ್ಥ, ಅಂದರೆ ತುಂಬಿದ್ದು 33.

ಇಷ್ಟಾದ ಮೇಲೆ ಪೆನ್ಸಿಲ್ ಹೆಸರನ್ನು ಜನಗಣತಿಯಲ್ಲಿ ಹುಡುಕುತ್ತೇನೆ. 1841ರದರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆ ಇತ್ತು. 39 ಆದವರು 35 ಎಂದು ಸಿಗುತ್ತಾರೆ. 1931ರದು ಬೆಂಕಿಗೆ ಹೋಯಿತು, ಆದ್ದರಿಂದ 1921ರ ನಂತರ ಯುದ್ಧ ಶುರುವಾದಾಗ ಮಾಡಿದ ಜನರ ಪಟ್ಟಿಗೇ, ಅಂದರೆ 1939ರ ರಿಜಿಸ್ಟರಿಗೇ, ಜಿಗಿಯಬೇಕು. ವಯಸ್ಸು ಮುಖಕ್ಕೆ ಹೊಂದಿದರೂ ಅದೇ ಹಳ್ಳಿಯಲ್ಲಿ ಅದೇ ಹೆಸರಿನ ಇನ್ನೊಬ್ಬರಿದ್ದರೆ ನನ್ನ ನಮೂದು ಹೀಗಿರುತ್ತದೆ: ‘ಮಹಿಳೆ, ಸು. 1894–96, ಹೆಸರು ಹಿಂಬದಿಯ ಟಿಪ್ಪಣಿಯಂತೆ, ಬೇರೆ ಕೈಬರಹ, ಖಚಿತವಲ್ಲ.’